ಒಂದು ‘ಲಾ’ಗಾಗಿ ಎಡಮುರಿಗೆ

ನನಗೆ ಹೊಟ್ಟೆಕಿಚ್ಚು ಜಾಸ್ತಿ. ಇದನ್ನು ನಾನೇ ಮೊದಲು ಹೇಳಿಬಿಡುವುದು ವಾಸಿ. ನನ್ನಾಕೆ ಹೇಳಿದರೆ ಇನ್ನೂ ನಾಲ್ಕು ಸೇರಿಸಿ ಹೇಳುತ್ತಾಳೆ. ಲೋಕದ ಜನ ಪಕ್ಕದವರ ತಾರಸಿ ಮನೆಗೋ, ಹೊಸ ಸ್ಕೂಟರಿಗೋ ಕರುಬುತ್ತಾರೆ. ನಾನು ವರ್ಷಗಟ್ಟಲೆ ಕರುಬಿದ್ದು ಒಂದೇ ಒಂದು ಅಕ್ಷರಕ್ಕೆ. ಅದು ‘ಲಾ’.

ನಮ್ಮ ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಬೇರೆ ಸೀಮೆಯವರಿಗೆ ಹೇಳುವುದಾದರೆ, ಮಂಡ್ಯದ ಕಡೆ ಗಂಡಸರು ತಮಗೆ ಬೇಕಾದವರನ್ನು ಮಾತಾಡಿಸುವಾಗ ಮಾತಿನ ಬಾಲಕ್ಕೆ ಇದನ್ನು ಕಟ್ಟುತ್ತಾರೆ. ಬಾರ್ಲಾ, ತಿನ್ಲಾ, ಎಲ್ಲಿದ್ಯೇನ್ಲಾ. ಹೊಸಬರು ಕೇಳಿದರೆ ಜಗಳ ಶುರುವಾಯಿತೆಂದು ಎದ್ದು ನಿಂತುಬಿಡಬಹುದು. ಅದರ ಒಳಗಿನ ಅಕ್ಕರೆ ಕರೆಸಿಕೊಂಡವನಿಗೇ ಗೊತ್ತು. ನಾನು ಶ್ರೀರಂಗಪಟ್ಟಣದ ಹೈಸ್ಕೂಲಿನಲ್ಲಿ ಕನ್ನಡ ಮೇಷ್ಟ್ರು. ಏಕವಚನ, ಬಹುವಚನ, ಗೌರವಾರ್ಥಕ ಬಹುವಚನ ಎಂದು ವರ್ಷಾವರ್ಷ ಬೋರ್ಡಿನ ಮೇಲೆ ಬರೆದು ಅಳಿಸುವವನು. ನಾನು ಕಲಿಸುವ ವ್ಯಾಕರಣದಲ್ಲಿ ಈ ‘ಲಾ’ ಇಲ್ಲ. ನನ್ನ ಪಾಲಿಗೆ ಮಾವನ ಮನೆಯಲ್ಲೂ ಇರಲಿಲ್ಲ.

ಮಾವನವರದು ಅಕ್ಕಿಹೆಬ್ಬಾಳು. ಹೇಮಾವತಿ ನೀರಿನ ಗದ್ದೆ, ನಾಲ್ಕು ಹಸು, ಆಚೆ ದಡಕ್ಕೂ ಕೇಳಿಸುವಂಥ ಗಂಟಲು. ಇಬ್ಬರು ಹೆಣ್ಣುಮಕ್ಕಳಲ್ಲಿ ದೊಡ್ಡವಳನ್ನು ನನಗೆ ಕೊಟ್ಟರು. ಚಿಕ್ಕವಳನ್ನು ತಮ್ಮ ಸ್ವಂತ ಅಕ್ಕನ ಮಗ, ನಾಗಮಂಗಲದ ಪುಟ್ಟರಾಜನಿಗೆ ಕೊಟ್ಟರು. ಅಂದರೆ ಅವನು ನನಗೆ ಷಡ್ಕ. ಮಾವನಿಗೆ ತೊಟ್ಟಿಲಲ್ಲಿದ್ದಾಗಿನಿಂದಲೂ ಸೋದರಳಿಯ. ನಾನು ಹೋದರೆ ಮಾವ ಹೆಗಲ ಟವಲ್ಲಿನಲ್ಲಿ ಕುರ್ಚಿ ಒರೆಸಿ, “ಬನ್ನಿ ಮೇಷ್ಟ್ರೇ, ಕುಂತ್ಕಳಿ” ಅನ್ನುತ್ತಿದ್ದರು. ಅವನು ಬಂದರೆ ಕೊಟ್ಟಿಗೆಯಿಂದಲೇ, “ಬಂದ್ಯೇನ್ಲಾ? ಉಂಡ್ಯೇನ್ಲಾ? ಯಾಕ್ಲಾ ಇಂಗೆ ಒಣಗೋಗಿದ್ದೀಯ?” ಒಂದೇ ಉಸಿರಿಗೆ ಮೂರು ‘ಲಾ’. ಮಾವ ಅಳಿಯ ಇಬ್ಬರೂ ಹಸುವಿನ ಬೆನ್ನು ತಟ್ಟುತ್ತಾ ಏನೇನೋ ಹೇಳಿಕೊಂಡು ನಗುತ್ತಿದ್ದರು. ಒರೆಸಿದ ಕುರ್ಚಿಯ ಮೇಲೆ ಕೂತು ನಾನು ಮೊನ್ನೆಯ ಪೇಪರು ಓದುತ್ತಿದ್ದೆ.

ಯೋಚಿಸಿ ನೋಡಿ. ತಹಸೀಲ್ದಾರರು ಬಂದರೆ “ಬನ್ನಿ ಸಾರ್” ಅನ್ನುತ್ತೇವೆ. ದೇವರನ್ನು “ಬಾರಪ್ಪ, ಕಾಪಾಡು” ಅಂತ ಕರೆಯುತ್ತೇವೆ. ಹೆತ್ತ ತಾಯಿಗೆ “ನೀನು” ಅಂತೀವಿ, ಬ್ಯಾಂಕಿನ ಗುಮಾಸ್ತನಿಗೆ “ತಾವು”. ಹತ್ತಿರದವರಿಗೆಲ್ಲ ಏಕವಚನ, ದೂರದವರಿಗೆ ಬಹುವಚನ. ಹತ್ತು ವರ್ಷ ಅವರ ಮನೆಯ ಮುದ್ದೆ ಉಂಡ ಮೇಲೂ ನಾನು ಮಾವನಿಗೆ ಬ್ಯಾಂಕಿನ ಗುಮಾಸ್ತನೇ. ಇದನ್ನು ನನ್ನಾಕೆಗೆ ಹೇಳಿದರೆ, “ಮರ್ಯಾದೆ ಕೊಟ್ರೆ ಬೇಜಾರು ಮಾಡ್ಕೊಳ್ಳೋ ಗಂಡಸನ್ನ ನಾನು ಇವತ್ತೇ ನೋಡಿದ್ದು” ಎಂದು ಒಳಗೆ ಹೋದಳು.

ತೊಂಬತ್ತೈದೋ ತೊಂಬತ್ತಾರೋ ಇರಬೇಕು. ಆ ಯುಗಾದಿಗೆ ಮಾವ, ಅತ್ತೆ, ಪುಟ್ಟರಾಜ, ಅವನ ಹೆಂಡತಿ ಎಲ್ಲರೂ ನಮ್ಮ ಮನೆಗೆ ಬಂದಿದ್ದರು. ಹೋಳಿಗೆಯ ದಿನ ಕಳೆಯಿತು, ಬಾಡೂಟದ ಹೊಸತೊಡಕೂ ಕಳೆಯಿತು. ಮೂರನೇ ದಿನ ನಾನೇ, “ಎಡಮುರಿಗೆ ಹೋಗೋಣ, ನಾಲೆ ಏರಿ ಮೇಲೆ ನಡಕೊಂಡು” ಎಂದೆ. ಜಲಪಾತ ಎಂದರೆ ಜೋಗವನ್ನು ನೆನೆಯುವವರು ಕ್ಷಮಿಸಬೇಕು. ಎಡಮುರಿಯಲ್ಲಿ ಕಾವೇರಿ ಆಳೆತ್ತರದಿಂದ ಬೀಳುತ್ತಾಳೆ, ಅಷ್ಟೇ. ಆದರೂ ಸಿನಿಮಾದವರು ಅಲ್ಲಿ ಹಾಡು ತೆಗೆದೂ ತೆಗೆದೂ ಕಲ್ಲುಗಳಿಗೂ ಕುಣಿತ ಬರುತ್ತಿರಬೇಕು. ಭಾನುವಾರ ಬಂತೆಂದರೆ ಅರ್ಧ ಮೈಸೂರು ಅಲ್ಲಿ ಬುತ್ತಿ ಬಿಚ್ಚುತ್ತದೆ. ನನ್ನ ಆಸೆ ಮಾತ್ರ ಬೇರೆಯೇ ಇತ್ತು. ಕುರ್ಚಿ ಇಲ್ಲದ ಜಾಗದಲ್ಲಿ ಮರ್ಯಾದೆ ಎಷ್ಟು ಹೊತ್ತು ನಿಂತೀತು? ನಡೆದು, ಬೆವತು, ಒಟ್ಟಿಗೆ ನೀರಿಗಿಳಿದರೆ ಮಾವನ ಬಾಯಿಂದ ಒಂದಾದರೂ ‘ಲಾ’ ಜಾರದೇ?

ಕೆ.ಆರ್.ಎಸ್. ಬಸ್ಸಿನಲ್ಲಿ ಹೋಗಿ ಕ್ರಾಸಿನಲ್ಲಿ ಇಳಿದೆವು. ಹೊಂಗೆ ಹೊಸ ಎಲೆ ಬಿಟ್ಟಿತ್ತು, ಬೇವು ಹೂ ಬಿಟ್ಟಿತ್ತು, ಬಿಸಿಲು ಇನ್ನೂ ಎಳೆಯದಾಗಿತ್ತು. ಪುಟ್ಟರಾಜ ನೀರು ಕಂಡರಿಯದ ಊರಿನವನು. ಹೊಳೆಯೂರಿನವನು ನಾನು, ದಾರಿ ತೋರಿಸುವ ಹಕ್ಕು ನನ್ನದೇ. ಮುಂದೆ ದಾರಿ ಕವಲಾಯಿತು. ನಿಜ ಹೇಳುತ್ತೇನೆ, ಆ ದಾರಿಯಲ್ಲಿ ನಾನು ಹಿಂದೆ ಹೋಗಿದ್ದು ಒಂದೇ ಸಲ, ಅದೂ ವ್ಯಾನಿನಲ್ಲಿ ನಿದ್ದೆ ಮಾಡುತ್ತಾ. “ಯಾರ್ನಾದ್ರೂ ಕೇಳವಾ ಅಣ್ಣ” ಎಂದ ಪುಟ್ಟರಾಜ. “ಕೇಳೋದೇನು? ಎಡಮುರಿ! ಎಡಕ್ಕೆ ಮುರಿಯೋದು. ಹೆಸರಿನಲ್ಲೇ ಇದೆಯಲ್ಲ” ಎಂದು ಪಾಠ ಮಾಡಿ ಎಲ್ಲರನ್ನೂ ಎಡಕ್ಕೆ ತಿರುಗಿಸಿದೆ. ಏರಿ ಹೋಗಿ ಬದುವಾಯಿತು, ಬದು ಹೋಗಿ ಕಬ್ಬು ಕಡಿದ ಗದ್ದೆಯಾಯಿತು. ನೆಲದಲ್ಲಿ ಉಳಿದ ಕೂಳೆ ಚುಚ್ಚಿ ಅತ್ತೆಯ ಕಾಲು ಗೀರಿತು. ಅರ್ಧ ಗಂಟೆ ನಡೆದ ಮೇಲೆ ಕಳೆ ಕೀಳುತ್ತಿದ್ದ ಹೆಂಗಸೊಬ್ಬಳು ಸೊಂಟಕ್ಕೆ ಕೈಯಿಟ್ಟು ನಿಂತು, “ಎಡಮುರಿಗಾ? ಅಯ್ಯೋ, ಅಲ್ಲೇ ಬಲಕ್ಕೆ ಮುರ್ಕೋಬೇಕಿತ್ತು ಕಣ್ರಪ್ಪಾ!” ಎಂದಳು.

ಎಡಕ್ಕೆ ಮುರಿಯುವುದು ಹೊಳೆ, ನಾವಲ್ಲ. ವಾಕ್ಯದಲ್ಲಿ ಕರ್ತೃ ಯಾರೆಂದು ಮೊದಲು ಹುಡುಕಿ ಎಂದು ಮಕ್ಕಳ ತಲೆಗೆ ಕುಟ್ಟುವ ನಾನೇ ಕರ್ತೃವನ್ನು ತಪ್ಪಿಸಿಕೊಂಡಿದ್ದೆ. ನಾಚಿಕೆಯಾಯಿತು. ಜೊತೆಗೇ ಒಳಗೊಳಗೆ ಒಂದು ಖುಷಿ: ಈಗ ಬೈಗುಳ ಖಾತ್ರಿ. ಕಿವಿ ನಿಮಿರಿಸಿಕೊಂಡು ಮಾವನ ಕಡೆ ತಿರುಗಿದೆ. ಮಾವ ಬೆವರು ಒರೆಸಿಕೊಂಡು, “ಇರ್ಲಿ ಬುಡಿ ಮೇಷ್ಟ್ರೇ, ಇತ್ಲಾಗೂ ನೋಡ್ದಂಗಾಯ್ತು” ಎಂದರು. ಆಮೇಲೆ ಪುಟ್ಟರಾಜನ ಕಡೆ ತಿರುಗಿ, “ನೀನಾರಾ ಕೇಳ್ಬಾರ್ದಾಗಿತ್ತೇನ್ಲಾ? ಬಾಯ್ಗೇನ್ ಕಡುಬು ತುರುಕ್ಕೊಂಡಿದ್ಯಾ?”

ನೋಡಿ ಅನ್ಯಾಯ! ದಾರಿ ತಪ್ಪಿಸಿದವನು ನಾನು, ಗದ್ದೆ ಸುತ್ತಿಸಿದವನು ನಾನು, ಹಕ್ಕಿನಿಂದ ನನಗೆ ಬರಬೇಕಾಗಿದ್ದ ಬೈಗುಳವನ್ನು ಅವನು ಹೊಡೆದುಕೊಂಡ. ಮೈಯೆಲ್ಲ ಉರಿದುಹೋಯಿತು.

ಎಡಮುರಿ ತಲುಪಿದಾಗ ಹೊತ್ತು ನೆತ್ತಿಗೆ ಬಂದಿತ್ತು. ಬೇಸಿಗೆಯ ತೆಳು ನೀರು, ಹಾಲಿನ ಕೆನೆಯಷ್ಟು ನೊರೆ. ಮಾವ ಪಂಚೆ ಎತ್ತಿಕಟ್ಟಿ ಬಂಡೆಯ ಮೇಲೆ ಕೂತರು. ನೀರು ಬೀಳುವ ಅಂಚಿನಲ್ಲಿ ಪಾಚಿ ಕಟ್ಟಿದ ಕಲ್ಲುಗಳ ಸಾಲಿತ್ತು. ಅಲ್ಲಿಗೆ ಹೋಗಬಾರದೆಂದು ಸಣ್ಣ ಮಗುವಿಗೂ ಗೊತ್ತಾಗುವಂತಿತ್ತು. ಅದಕ್ಕೇ ಹೋದೆ. ನಗಬೇಡಿ. ನಲವತ್ತರ ಹತ್ತಿರದ, ಕನ್ನಡಕದ, ಈಜು ಬಾರದ ಮೇಷ್ಟ್ರು ನಾನು, ಒಬ್ಬ ಮುದುಕನಿಂದ ಗದರಿಸಿಕೊಳ್ಳಬೇಕೆಂದು ಬೇಕಂತಲೇ ಪಾಚಿಯ ಮೇಲೆ ನಡೆದೆ. ಮೂರನೇ ಕಲ್ಲಿಗೆ ಕಾಲಿಟ್ಟು, ನೋಡುತ್ತಿದ್ದಾರೋ ಇಲ್ಲವೋ ಎಂದು ಮಾವನ ಕಡೆ ಕತ್ತು ತಿರುಗಿಸಿದ್ದಷ್ಟೇ. ಮುಂದಿನದೆಲ್ಲ ನೀರು.

ಬಿದ್ದವನು ಎರಡು ಗುಟುಕು ಕುಡಿದೆ. ಕನ್ನಡಕ ಹೋಯಿತು. ತೆಳು ನೀರಾದರೂ ಬೀಳುವ ಕಡೆ ಗುಂಡಿ ಬಿದ್ದಿತ್ತು, ಕಾಲಿಗೆ ನೆಲ ಸಿಗಲಿಲ್ಲ, ನೀರು ಎಳೆಯುತ್ತಿತ್ತು, ಆಗ ನಿಜವಾಗಿ ಹೆದರಿದೆ. ಕಿವಿಯ ನೀರಿನ ಮೊರೆತದ ನಡುವೆ ಮಾವನ ಗಂಟಲು ಕೇಳಿಸಿತು. “ಮೇಷ್ಟ್ರೇ! ಕಲ್ ಇಡ್ಕಳೀ! ಮುಳುಗ್ಬೇಡೀ! ಉಸ್ರು ಬುಡ್ಬೇಡೀ ಮೇಷ್ಟ್ರೇ!” ಸಾಯುವ ಗಳಿಗೆಯಲ್ಲೂ ಬಹುವಚನ! ಅರವತ್ತೆಂಟರ ಆ ಜೀವ ಪಂಚೆ ಸಮೇತ ಹೊಳೆಗೆ ಹಾರಿ, ನನ್ನ ಕುತ್ತಿಗೆ ಪಟ್ಟಿಗೆ ಕೈಹಾಕಿ, ಕರುವನ್ನು ಎಳೆಯುವ ಹಾಗೆ ಎಳೆದು ಬಂಡೆಗೆ ತಂದು ಹಾಕಿತು. ಬೆನ್ನಿಗೆ ನಾಲ್ಕು ಗುದ್ದು ಬಿತ್ತು, ನೀರು ಕಕ್ಕಿದೆ. ಆ ಮುಷ್ಟಿಯಲ್ಲಿ ಗೌರವಾರ್ಥಕ ಏನೇನೂ ಇರಲಿಲ್ಲ. ಮಾವ ಪಂಚೆ ಹಿಂಡಿಕೊಳ್ಳುತ್ತಾ, “ಚೆಂದಾಗಿದ್ದೀರಾ ಮೇಷ್ಟ್ರೇ?” ಎಂದು ಕೇಳಿ, ಎದ್ದು, ಪುಟ್ಟರಾಜನಿಗೆ, “ಮಿಕಮಿಕ ನೋಡ್ಕಂಡ್ ನಿಂತಿದ್ದೀಯಲ್ಲಾ, ನಿಂಗೇನ್ ಬಂದಿತ್ಲಾ ದೊಡ್ರೋಗ?” ಎಂದು ಅಬ್ಬರಿಸಿ ಹೆಂಗಸರ ಕಡೆ ಹೋದರು.

ಪುಟ್ಟರಾಜ ಬಂದು ನನ್ನ ಅಂಗಿ ಹಿಂಡಿ ಬಂಡೆಯ ಮೇಲೆ ಹರವಿದ. ಪಕ್ಕದಲ್ಲಿ ಕೂತ. “ನಿಮ್ ಪುಣ್ಯ ಕಣಣ್ಣ” ಎಂದ.

“ಬದುಕಿದ್ದಾ?”

“ಅದಲ್ಲ. ನೀರ್ನಾಗ್ ಬಿದ್ರೂ ನಿಮಗೆ ‘ಮುಳುಗ್ಬೇಡಿ’ ಅಂತಾರೆ. ನನ್ ಮದ್ವೇಲಿ ಧಾರೆ ಒತ್ನಲ್ಲಿ ಕಾಲ್ ತೊಳೀಬೇಕಲ್ಲ, ಅಷ್ಟ್ ಜನದ್ ಮುಂದೆ ‘ಕಾಲ್ ಚಾಚ್ಲಾ’ ಅಂದ್ಬುಟ್ರು. ಎಣ್ಣಿನ ಕಡೆಯೋರೆಲ್ಲ ನಕ್ರು. ಇವತ್ಗೂ ಎಂಡ್ತಿ ಮಕ್ಳ ಮುಂದೆ ಬಾರ್ಲಾ ಓಗ್ಲಾನೇ. ನಾನೂ ಅಳಿಯ ತಾನೇ? ಒಂದ್ಸಲ, ಒಂದೇ ಒಂದ್ಸಲ ‘ಬನ್ನಿ’ ಅಂದ್ರೆ ಅವ್ರ್ ಗಂಟೇನ್ ಓಯ್ತದೆ?”

ನಾನು ಅವನ ಮುಖವನ್ನೇ ನೋಡಿದೆ. ಇಷ್ಟು ವರ್ಷ ಯಾವ ಸಿರಿವಂತನಿಗೆ ಕರುಬಿದೆನೋ ಅವನು ನನ್ನ ಒರೆಸಿದ ಕುರ್ಚಿಗೆ ಕರುಬುತ್ತಾ ಕೂತಿದ್ದ! ನನ್ನ ಆಸೆಯನ್ನೂ ಅವನಿಗೆ ಹೇಳಿ ಸಮಾಧಾನ ಮಾಡಬಹುದಿತ್ತು. ಬಾಯಿಬಿಡಲು ಮನಸ್ಸಾಗಲಿಲ್ಲ. ಹೊಟ್ಟೆಕಿಚ್ಚು ಪಟ್ಟು ಪಟ್ಟು ಬೆಂದವನಿಗೆ, ತನ್ನನ್ನು ಕಂಡು ಇನ್ನೊಬ್ಬ ಉರಿಯುವುದು ಎಷ್ಟು ತಂಪು ಅಂತೀರಿ!

ಅಷ್ಟರಲ್ಲಿ ಹೊಂಗೆ ಮರದ ಕೆಳಗಿಂದ ಮಾವನ ಗಂಟಲು ಹೊಳೆಯ ಮೊರೆತ ದಾಟಿ ಬಂತು. ಚಿತ್ರಾನ್ನದ ಡಬ್ಬಿ ಬಿಚ್ಚಿದ್ದರು.

“ಬನ್ರಲಾ! ಉಣ್ಣವಾ ಬನ್ರಲಾ!”

ಇಬ್ಬರೂ ಒಟ್ಟಿಗೆ ತಲೆ ಎತ್ತಿದೆವು. ಕರೆದದ್ದು ಇಬ್ಬರನ್ನು, ಅದಕ್ಕೆ ‘ಬನ್ನಿ’. ಕರೆದದ್ದು ನಮ್ಮನ್ನು, ಅದಕ್ಕೆ ‘ಲಾ’. ಒಂದೇ ಮಾತಿನಲ್ಲಿ ಎರಡೂ ಇತ್ತು. ಪುಟ್ಟರಾಜ ಹಲ್ಲು ಬಿಟ್ಟು, “ಕೇಳುದ್ರಾ ಅಣ್ಣ? ಬನ್ನಿ ಅಂದ್ರು!” ಎಂದು ಕೈ ಕೊಟ್ಟು ನನ್ನನ್ನು ಎಬ್ಬಿಸಿದ.

“ಕೇಳ್ತು ಕಣ್ಲಾ” ಎಂದೆ. ಜನ್ಮದಲ್ಲಿ ಮೊದಲ ಸಲ ಅವನಿಗೆ ಹಾಗಂದಿದ್ದೆ. ಪಾಪ, ಅವನ ಮುಖ ಮತ್ತೆ ಸಪ್ಪಗಾಯಿತು.