ಬಿಚ್ಚಲೆಂದೇ ಮಡಿಸಿದ ತಗಡು

ಮದ್ದೂರಿನ ಪೇಟೆಬೀದಿಯಲ್ಲಿ ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ತಗಡಿನ ಕೆಲಸದ ಜಲಾಲ್ ಸಾಬರು ಅಂಗಡಿಯ ಹಲಗೆಗಳನ್ನು ತೆಗೆದು ಗೋಡೆಗೆ ಒರಗಿಸಿ, ನೇರವಾಗಿ ಮೂಲೆಯಲ್ಲಿರುವ ಬೂದಿಯ ಹಾಸಿನ ಬಳಿಗೆ ಹೋಗಿ ಕುಕ್ಕುರುಗಾಲಲ್ಲಿ ಕೂರುತ್ತಾರೆ. ನಿನ್ನೆ ಸಂಜೆ ಬೆಸೆದ ಡಬ್ಬಗಳು ಬಾಯಿಮಟ್ಟ ನೀರು ತುಂಬಿಕೊಂಡು ಅಲ್ಲಿ ಸಾಲಾಗಿ ನಿಂತಿವೆ. ಸಾಬರು ಒಂದೊಂದನ್ನೇ ಎತ್ತಿ ಪಕ್ಕಕ್ಕಿಟ್ಟು, ಅಡಿಯಲ್ಲಿದ್ದ ಬೂದಿಯನ್ನು ಬೆರಳಿನಿಂದ ಮುಟ್ಟಿ ನೋಡುತ್ತಾರೆ. ಬೂದಿ ಒಣಗಿದ್ದರೆ ಡಬ್ಬ ಗಿರಾಕಿಗೆ. ಎಳ್ಳಷ್ಟು ಒದ್ದೆಯಾಗಿದ್ದರೂ ಮತ್ತೆ ಒಲೆಗೆ. ಚಹಾ ಗಿಹಾ ಏನಿದ್ದರೂ ಆಮೇಲೆ.

"ಜನ ನನ್ನತ್ರ ತಗಡು ಕೊಳ್ಳಾಕೆ ಬರಲ್ಲ ಸ್ವಾಮಿ. ಸೋರಲ್ಲ ಅನ್ನೋ ನಂಬ್ಕೆ ಕೊಳ್ಳಾಕೆ ಬತ್ತಾರೆ. ಅದೊಂದು ಓಯ್ತು ಅಂದ್ರೆ ನಾನು ಅಂಗ್ಡಿ ಮುಚ್ಕಂಡು ಮನೇಲಿ ಕೂರ್ಬೇಕಾಯ್ತದೆ," ಎನ್ನುತ್ತಾರೆ ಸಾಬರು. ಮಾತಾಡುವಾಗಲೂ ಅವರ ಕಣ್ಣು ಬೂದಿಯ ಮೇಲೇ ಇರುತ್ತದೆ.

ಮದ್ದೂರಿನ ಯಾವ ಅಡಿಗೆಮನೆಗೆ ಬೇಕಾದರೂ ಹೋಗಿ ನೋಡಿ. ಎಣ್ಣೆಯ ಡಬ್ಬ, ಹಾಲಿನ ಕ್ಯಾನು, ದೀಪಕ್ಕೆ ಸೀಮೆಎಣ್ಣೆ ಬಗ್ಗಿಸುವ ಆಲಿಕೆ, ಇವುಗಳಲ್ಲಿ ಒಂದಾದರೂ ಜಲಾಲ್ ಸಾಬರ ಕೈಯಿಂದ ಬಂದದ್ದು. ಆದರೆ ಡಬ್ಬದೊಳಗಿನ ಎಣ್ಣೆ ಯಾವ ಗಾಣದ್ದು ಎಂದು ಕೇಳುವವರುಂಟು, ಡಬ್ಬ ಯಾರದು ಎಂದು ಕೇಳಿದವರಿಲ್ಲ. ಸೋರದ ಡಬ್ಬದ ಯೋಚನೆ ಯಾರಿಗೆ ತಾನೇ ಬರುತ್ತದೆ ಹೇಳಿ!

ಸಾಬರ ಅಜ್ಜನದು ಪಾತ್ರೆಗೆ ಕಲಾಯಿ ಹಾಕುವ ಕೆಲಸ. ಮಳವಳ್ಳಿ, ಬೆಸಗರಹಳ್ಳಿ, ನಿಡಘಟ್ಟ ಎಂದು ತಿದಿ ಹೊತ್ತು ತಿರುಗುತ್ತಿದ್ದವರು. ತಂದೆ ಒಂದು ಕಡೆ ನೆಲೆಯೂರಿ ತಗಡಿಗೆ ಕೈಹಾಕಿದರು. ಜಲಾಲ್ ಅಕ್ಷರ ಕಲಿಯುವ ವಯಸ್ಸಿಗೆ ಕತ್ತರಿ ಹಿಡಿದರು. ಎರಡನೇ ಮಹಾಯುದ್ಧ ಬಂತು ನೋಡಿ, ಹೊಸ ತಗಡು ಕಣ್ಣಿಗೆ ಬೀಳುವುದೇ ನಿಂತುಹೋಯಿತು. ಖಾಲಿ ಸೀಮೆಎಣ್ಣೆ ಡಬ್ಬಗಳನ್ನು ಬಿಡಿಸಿ, ಮರದ ಕೊಡತಿಯಿಂದ ತಟ್ಟಿ ಮಟ್ಟಮಾಡಿ, ಅದರಲ್ಲೇ ಹೊಸದು ಹುಟ್ಟಿಸಬೇಕು. ತವರವೂ ಸಿಗದು. ಸೀಸವನ್ನೇ ಹೆಚ್ಚು ಬೆರೆಸಿದ ಬೆಸುಗೆ ಎಲ್ಲೆಲ್ಲೂ ಕೈಕೊಡತೊಡಗಿತು. ಸಂತೆಯಲ್ಲಿ ಕೊಂಡ ಡಬ್ಬ ಮನೆ ಸೇರುವ ಮೊದಲೇ ಸೋರಿ, ಎಣ್ಣೆಯೆಲ್ಲ ಗಾಡಿಯ ಪಾಲಾಗಿ, ಹೆಂಗಸರು ಬೀದಿಯಲ್ಲಿ ನಿಂತು ಶಾಪ ಹಾಕಿದ ದಿನಗಳವು. ಅಂಥ ಹೊತ್ತಿನಲ್ಲೂ ಜಲಾಲ್ ಸಾಬರ ಡಬ್ಬದ ಮೇಲೆ ಒಂದು ಮಾತು ಬರಲಿಲ್ಲ. ಬೆಸುಗೆ ಬಿಟ್ಟಿತು ಎಂಬ ಮಾತು ಈ ಕಸುಬಿನವರಿಗೆ ಎಂಥ ಬೈಗುಳ ಎಂಬುದನ್ನು ಓದುಗರು ಇಲ್ಲಿ ನೆನಪಿನಲ್ಲಿಡಬೇಕು. ಮುಂದಿನ ಕಥೆಯೆಲ್ಲ ನಿಂತಿರುವುದು ಅದರ ಮೇಲೆಯೇ.

ಮೂರು ವರ್ಷದ ಹಿಂದೆ, ಯುದ್ಧ ಇನ್ನೂ ನಡೆಯುತ್ತಿದ್ದಾಗ, ಕೆಂಪಸಿದ್ದಯ್ಯ ಮೇಷ್ಟ್ರು ಅಂಗಡಿಗೆ ಬಂದರು. ಸರ್ಕಾರಿ ಶಾಲೆಯಲ್ಲಿ ಗಣಿತ ಹೇಳಿ ನಿವೃತ್ತರಾದವರು. ಇಂಟರ್‌ಮೀಡಿಯೆಟ್ ಪರೀಕ್ಷೆಗೆಂದು ಮೈಸೂರಿಗೆ ಹೋಗುವ ಸುತ್ತಲಿನ ಹಳ್ಳಿಯವರಿಗೆ ತಮ್ಮ ಮನೆಯ ಜಗುಲಿಯಲ್ಲೇ ಬೆಳಗಿನ ಪಾಠ ಹೇಳುತ್ತಾರೆ. ಅವರ ವಿದ್ಯಾರ್ಥಿಗಳು ವರ್ಷ ವರ್ಷವೂ ಒಂದೇ ಜಾಗದಲ್ಲಿ ಎಡವುತ್ತಿದ್ದರು. ಕ್ಯಾಲ್ಕುಲಸ್ ಎಂಬ ಗಣಿತದಲ್ಲಿ, ಒಂದು ಆಕಾರವನ್ನು ಗೂಟದ ಸುತ್ತ ತಿರುಗಿಸಿದರೆ ಮೂಡುವ ಗಟ್ಟಿರೂಪದ ಘನಫಲ ಕಂಡುಹಿಡಿಯುವ ಪಾಠ ಅದು. ಸೂತ್ರವನ್ನು ಗಿಣಿಗಳಂತೆ ಒಪ್ಪಿಸುತ್ತಾರೆ. ಸೂತ್ರದೊಳಗೆ ಸುತ್ತಳತೆ ಯಾಕೆ ಬಂತಪ್ಪ ಎಂದರೆ ಬಾಯಿ ಬಿಡುವುದಿಲ್ಲ.

ಮೇಷ್ಟ್ರು ಇದ್ದಿಲಿನಿಂದ ಅಂಗಡಿಯ ನೆಲದ ಮೇಲೆ ನೆಟ್ಟಗೊಂದು ಗೆರೆ, ಅದರ ಬುಡದಿಂದ ಅಡ್ಡಗೆರೆ, ತುದಿಗಳನ್ನು ಕೂಡಿಸುವ ಓರೆಗೆರೆ ಎಳೆದರು. "ಈ ನೆಟ್ಟಗಿರೋ ಗೆರೇನ ಕಣದ ನಡುವಿನ ಮೇಟಿಕಂಬ ಅಂತ ಇಟ್ಕೊಳ್ಳಿ. ಅದರ ಸುತ್ತ ಈ ತ್ರಿಕೋನ ಒಂದು ಸುತ್ತು ತಿರುಗಿದರೆ ಏನಾಗುತ್ತೆ ಸಾಬರೇ?"

"ಬತ್ತದ ರಾಸಿ ಆಯ್ತದೆ."

"ಅಷ್ಟೇ! ಆ ರಾಶಿ ಎಷ್ಟು ಹಿಡಿಯುತ್ತೆ ಅನ್ನೋದೇ ಲೆಕ್ಕ. ಅಡ್ಡಡ್ಡ ಬಿಲ್ಲೆ ಬಿಲ್ಲೆಯಾಗಿ ಕೊಯ್ದೂ ಮಾಡಬಹುದು, ಆದರೆ ಕೆಲವು ಆಕಾರ ಆ ಕೊಯ್ತಕ್ಕೆ ಸುಲಭವಾಗಿ ಬಗ್ಗಲ್ಲ. ಅದಕ್ಕೆ ಇನ್ನೊಂದು ದಾರಿ ಇದೆ. ಒಂದರೊಳಗೆ ಒಂದು ಕೂರುವ ಕೊಳವೆಗಳು ಅಂತ ತಿಳಿಯೋದು. ನಡುವಿನದು ಸಣ್ಣದು, ಎತ್ತರ. ಹೊರಗಿಂದು ಅಗಲ, ಗಿಡ್ಡ. ಅವನ್ನು ನೀವು ಮಾಡಿಕೊಡಬೇಕು. ತಳ ಬೇಡ. ಬೆಸುಗೆಯೂ ಬೇಡ, ಅಂಚು ಮಡಿಸಿ ಒಂದಕ್ಕೊಂದು ಸಿಕ್ಕಿಸಿದರೆ ಸಾಕು. ಎಳೆದ ಕೂಡಲೇ ಬಿಚ್ಚಿಕೊಂಡು ಚಪ್ಪಟೆಯಾಗಬೇಕು."

ಸಾಬರು ಗೋಣು ಆಡಿಸಿದರು. ಮಾಡಿಯೂ ಕೊಟ್ಟರು. ಆದರೆ ಅಷ್ಟೂ ವರ್ಷ ಬಿಗಿಯಾಗಿ ಕೂಡಿಸಿದ ಕೈ, ಬಿಚ್ಚಿಕೊಳ್ಳಲಿ ಎಂದು ಸುಮ್ಮನೆ ಬಿಡುತ್ತದೆಯೇ? ದಾರಿಯಲ್ಲಿ ಬಿಚ್ಚಿಕೊಂಡು ಮಾನ ಹೋದರೆ ಏನು ಗತಿ ಎಂದುಕೊಂಡು, ಮಡಿಕೆಯ ಒಳಗೆ ಯಾರಿಗೂ ಕಾಣದಂತೆ ಒಂದಿಷ್ಟು ಬೆಸುಗೆ ಓಡಿಸಿಬಿಟ್ಟರು.

ಮಾರನೆಯ ಬೆಳಗ್ಗೆ ಜಗುಲಿಯಲ್ಲಿ ಏನಾಯಿತೆಂದು ಮೇಷ್ಟ್ರು ಈಗಲೂ ನಕ್ಕು ಹೇಳುತ್ತಾರೆ. ಕೊಳವೆ ಎತ್ತಿ ಎಳೆದರು, ಜಪ್ಪಯ್ಯ ಎನ್ನಲಿಲ್ಲ. ಬೆಸಗರಹಳ್ಳಿಯ ಪುಟ್ಟರಾಜು, ನೊಗ ಹೊತ್ತು ಬೆಳೆದ ಆಳು, ಒಂದು ತುದಿ ಹಿಡಿದ. ಮೇಷ್ಟ್ರು ಇನ್ನೊಂದು ತುದಿ ಹಿಡಿದರು. ತಗಡು ಸೊಟ್ಟಗಾಯಿತೇ ಹೊರತು ಮಡಿಕೆ ಬಿಡಲಿಲ್ಲ. ತರಗತಿಗೆ ತರಗತಿಯೇ ಬಿದ್ದು ಬಿದ್ದು ನಕ್ಕಿತು. ಪಾಠ ಅಲ್ಲಿಗೆ ಮುಗಿಯಿತು.

ಮೇಷ್ಟ್ರು ಕೊಳವೆಗಳನ್ನು ಗೋಣಿಚೀಲಕ್ಕೆ ತುಂಬಿಕೊಂಡು ವಾಪಸು ಬಂದಾಗ ಸಾಬರಿಗೆ ನಾಚಿಕೆಯೂ ಆಯಿತು, ಒಳಗೊಳಗೇ ಹೆಮ್ಮೆಯೂ ಆಯಿತು. ಆದರೂ ಇದ್ದದ್ದನ್ನು ಇದ್ದಂತೆ ಹೇಳಿಬಿಟ್ಟರು. "ತಪ್ಪು ತಿಳ್ಕಬ್ಯಾಡಿ ಮೇಷ್ಟ್ರೇ. ಬಿಚ್ಕಳ್ಳೋ ಕೆಲ್ಸ ನಮ್ಮಂಗ್ಡಿಯಿಂದ ಆಚೆ ಓಗಿಲ್ಲ. ನಿಮ್ ಜಗ್ಲಿ ಮ್ಯಾಗೆ ಜನ ನೋಡ್ತಾರೆ. ಜಲಾಲನ ಕೈ ಬಿದ್ದೋಯ್ತು ಅಂತಾರೆ. ಈ ಕಾಲದಲ್ಲಿ ಅಂಥ ಮಾತು ಉಟ್ಟುದ್ರೆ ನಾನು ಎಂಗೆ ಬದುಕ್ಲಿ?"

ಬಲವಂತ ಮಾಡುವುದು ಮೇಷ್ಟ್ರ ಜಾಯಮಾನವಲ್ಲ. ಚೀಲವನ್ನು ಅಲ್ಲೇ ಬಿಟ್ಟು ಎದ್ದು ಹೋದರು.

ಉತ್ತರ ಬಂದದ್ದು ಪರದೆಯ ಹಿಂದಿನಿಂದ, ಸಾಬರ ಹೆಂಡತಿ ಬಿಬಿ ಜಾನ್ ಅವರಿಂದ. ಅಂಗಡಿಯ ಹಿಂಭಾಗವೇ ಮನೆ, ಎಲ್ಲ ಮಾತೂ ಅವರ ಕಿವಿಗೆ ಬಿದ್ದಿತ್ತು. "ಸುರುಟಿ ಇಟ್ಟಿರೋ ಚಾಪೇನ ನಾನು ದಿನಾ ಬಿಚ್ಚಿ ಆಸ್ತೀನಿ. ನೇಯ್ದೋನ್ ಕೈ ಕೆಟ್ಟೋಯ್ತು ಅಂತೀನಾ? ಅವ್ರು ಕೇಳಿದ್ದು ಚಾಪೆ ಕಣ್ರೀ. ನೀವು ಡಬ್ಬ ಕೊಟ್ಟು ಕಳ್ಸಿದೀರ."

ಸಾಬರು ಸೊಟ್ಟಗಾದ ತಗಡನ್ನು ಮತ್ತೆ ತಟ್ಟಿದರು. ಬೆಸುಗೆ ಕರಗಿಸಿ ಒರೆಸಿ ತೆಗೆದರು. ಬಿಗಿಯಾಗಿ ನಿಲ್ಲಬೇಕು, ಬೆರಳಿನಿಂದ ಎಳೆದರೆ ಬಿಡಬೇಕು. ಅಂಥ ಮಡಿಕೆ ಅವರಿಗೂ ಹೊಸದು. ಸಡಿಲವಾದರೆ ತಾನಾಗಿ ಜಾರುತ್ತದೆ, ಗಟ್ಟಿಯಾದರೆ ತಗಡು ಸೀಳುತ್ತದೆ. "ಸೋರ್ದಿರೋ ಡಬ್ಬಕ್ಕಿಂತ ಇದೇ ಕಷ್ಟದ ಕೆಲ್ಸ ಸ್ವಾಮಿ. ಮಾಡಿ ಮಾಡಿ ಬೆರ್ಳೆಲ್ಲಾ ಗಾಯ ಆಗೋಯ್ತು," ಎಂದು ಅಂಗೈ ಚಾಚಿ ತೋರಿಸುತ್ತಾರೆ.

ಈ ಸಲ ಮೇಷ್ಟ್ರು ಅವರನ್ನೂ ಜಗುಲಿಗೆ ಕರೆದರು. ಸಾಬರು ಕಂಬಕ್ಕೆ ಒರಗಿ ನಿಂತರು. ಕೊಳವೆಗಳು ಒಂದರೊಳಗೊಂದು ಕೂತು ಮೆಟ್ಟಿಲು ಮೆಟ್ಟಿಲಾಗಿ ರಾಶಿಯ ಆಕಾರ ತಾಳಿದ್ದವು. ಮೇಷ್ಟ್ರು ಒಂದನ್ನು ಎತ್ತಿಕೊಂಡು ಮಡಿಕೆ ಎಳೆದರು. ಟಪ್ ಎಂದಿತು. ಸಾಬರು ಕಂಬ ಬಿಟ್ಟು ಒಂದು ಹೆಜ್ಜೆ ಮುಂದೆ ಬಂದರು.

ತಗಡು ನೆಲದ ಮೇಲೆ ಹಲಗೆಯಂತೆ ಮಲಗಿತು. "ಇದರ ಉದ್ದ ಎಷ್ಟು?" ಎಂದರು ಮೇಷ್ಟ್ರು.

"ಕೊಳವೆಯ ಸುತ್ತಳತೆಯಷ್ಟು," ಎಂದ ಪುಟ್ಟರಾಜು. ಎಂದವನೇ ತಾನು ಏನು ಹೇಳಿದೆ ಎಂದು ಹೊಳೆದು ಬಾಯಿ ತೆರೆದು ಕೂತ. ಸೂತ್ರದೊಳಗಿನ ಸುತ್ತಳತೆ ಅವನ ಕಾಲ ಬಳಿಯೇ ಬಿದ್ದಿತ್ತು!

"ಅಗಲ?"

"ಆ ಜಾಗದಲ್ಲಿ ರಾಶಿ ಎಷ್ಟು ಎತ್ತರವೋ ಅಷ್ಟು ಸಾರ್."

"ಇದಕ್ಕೂ ಪಕ್ಕದ ಕೊಳವೆಗೂ ನಡುವಿನ ಸಂದನ್ನೇ ದಪ್ಪ ಅಂತ ಹಿಡಿ. ಮೂರನ್ನೂ ಗುಣಿಸಿದರೆ ಒಂದು ಪದರ. ಎಲ್ಲ ಪದರ ಕೂಡಿಸಿದರೆ ರಾಶಿ."

"ಆದ್ರೆ ಸಾರ್, ರಾಶಿ ನುಣ್ಣಗಿರ್ತದೆ, ಇಲ್ಲಿ ಮೆಟ್ಟಿಲಿದ್ದಾವಲ್ಲ?"

"ಸಂದನ್ನ ಕಿರಿದು ಮಾಡ್ತಾ ಹೋಗು, ಕೊಳವೆ ಹೆಚ್ಚಿಸ್ತಾ ಹೋಗು. ಮೆಟ್ಟಿಲು ಸವೀತಾ ಬರುತ್ತೆ. ಸಂದು ಇನ್ನಿಲ್ಲ ಅನ್ನೋಷ್ಟು ಕಿರಿದಾಗ್ತಾ ಮೊತ್ತ ಯಾವ ಬೆಲೆ ಹತ್ತಿರ ಹೋಗಿ ನಿಲ್ಲುತ್ತೋ ಅದೇ ನಮ್ಮ ಉತ್ತರ. ಕ್ಯಾಲ್ಕುಲಸ್ ಮಾಡೋದು ಆ ಕೂಡುವ ಕೆಲಸವನ್ನೇ."

ಹಲಗೆಗಳು ಒಂದೊಂದಾಗಿ ಬಿಚ್ಚಿಕೊಂಡವು. ನಡುವಿನ ಎತ್ತರದ ಕೊಳವೆಗೇ ಹೆಚ್ಚು ತಗಡು ಹಿಡಿದಿರಬೇಕೆಂದು ಎಲ್ಲರೂ ಬಾಜಿ ಕಟ್ಟುವವರಂತೆ ಹೇಳಿದ್ದರು. ಹಾಸಿ ನೋಡಿದರೆ ಅದು ಕಿರಿದಾದ ಪಟ್ಟಿ. ಅಂಚಿನದು ಉದ್ದವಿದ್ದರೂ ತೀರಾ ಗಿಡ್ಡ. ಎರಡರ ಮಧ್ಯದಲ್ಲಿದ್ದವೇ ದೊಡ್ಡವು. ಕೊನೆಗೆ ಲೆಕ್ಕ ಮುಗಿದಾಗ, ಅಷ್ಟೇ ಅಗಲ ಅಷ್ಟೇ ಎತ್ತರದ ಪೀಪಾಯಿ ಹಿಡಿಯುವುದರಲ್ಲಿ ರಾಶಿಯದು ಸರಿಯಾಗಿ ಮೂರನೇ ಒಂದು ಪಾಲು ಎಂದು ಬಂತು. ತಮಗೆ ಹಳೆಯ ಪಾಠದಿಂದ ಗೊತ್ತಿದ್ದ ಉತ್ತರವೇ ಹೊಸ ದಾರಿಯಲ್ಲೂ ಬಂದದ್ದು ಕಂಡು ಹುಡುಗರು ಚಪ್ಪಾಳೆ ಹೊಡೆದರು. ಸಾಬರಿಗೆ ಕೊನೆಯ ಗುಣಾಕಾರ ಅರ್ಥವಾಗಲಿಲ್ಲ. ಆದರೆ ಪ್ರತಿ ಟಪ್ ಸದ್ದಿಗೂ ಒಂದೊಂದು ಮುಖ ಅರಳಿದ್ದನ್ನು ಕಂಡಿದ್ದರು. ತುಂಬಾ ಖುಷಿಯಾಯಿತು ಎನ್ನುತ್ತಾರೆ.

ಅದೇ ಹೊತ್ತಿಗೆ ಪುಟ್ಟರಾಜುವಿನ ಅಣ್ಣ ಬೋರಯ್ಯ ಬುತ್ತಿ ಹಿಡಿದು ಮೆಟ್ಟಿಲು ಹತ್ತಿದ. ಕಬ್ಬಿನ ಗದ್ದೆ, ಆಲೆಮನೆ ಇರುವ ಕುಳ. ಅವನ ಜೋನಿಬೆಲ್ಲವೆಲ್ಲ ಪೇಟೆಗೆ ಹೋಗುವುದು ಸಾಬರ ಡಬ್ಬದಲ್ಲಿಯೇ. ನೆಲದ ತುಂಬ ಬಿಚ್ಚಿಬಿದ್ದ ತಗಡನ್ನೂ ಕಂಬದ ಬಳಿಯಿದ್ದ ಸಾಬರನ್ನೂ ನೋಡಿ ಅವನು ಹುಬ್ಬು ಗಂಟಿಕ್ಕಿದ.

"ಇದೇನ್ ಸಾಬ್ರೇ, ಇವು ನಿಮ್ಮವಾ? ಇಂಗೆ ಬಿಚ್ಕಂಡು ಬಿದ್ದವಲ್ಲಾ!"

ನನ್ನದಲ್ಲ ಎಂದಿದ್ದರೆ ಮಾತು ಅಲ್ಲಿಗೇ ಮುಗಿಯುತ್ತಿತ್ತು. ಆದರೆ ಸಾಬರು "ನನ್ನವೇ ಬೋರಣ್ಣ. ಬಿಚ್ಕಳ್ಳಿ ಅಂತ್ಲೇ ಮಾಡಿದ್ದು," ಎಂದರು.

ಬೋರಯ್ಯ ನಕ್ಕ. ನಂಬಿದ ನಗು ಅದಲ್ಲ. ಮುಂದಿನ ಸಂತೆಯ ಹೊತ್ತಿಗೆ ಜಲಾಲನ ಬೆಸುಗೆ ಬಿಡ್ತಂತೆ ಎಂಬ ಸುದ್ದಿ ಬೆಸಗರಹಳ್ಳಿಯಿಂದ ನಿಡಘಟ್ಟದವರೆಗೆ ಹಬ್ಬಿತು. ಬೋರಯ್ಯನ ಜೋನಿಬೆಲ್ಲ ಬೇರೆ ಅಂಗಡಿಯ ಡಬ್ಬ ಹುಡುಕಿಕೊಂಡಿತು. ಅವನನ್ನು ನೋಡಿ ಇನ್ನೂ ಕೆಲವರು ಮುಖ ತಿರುಗಿಸಿದರು. ಆ ಮಳೆಗಾಲವಿಡೀ ಬೂದಿಯ ಹಾಸಿನ ಮೇಲೆ ಅರ್ಧ ಜಾಗ ಖಾಲಿಯಿತ್ತು. ಈಗಲೂ ಪೂರ್ತಿ ತುಂಬುವುದಿಲ್ಲ.

ಪುಟ್ಟರಾಜು ಅಣ್ಣನಿಗೆ ಬಿಡಿಸಿ ಹೇಳಿದ, ಚಿತ್ರ ಬರೆದು ತೋರಿಸಿದ. ಬೋರಯ್ಯ ಸೊಪ್ಪು ಹಾಕಲಿಲ್ಲ. ಆ ವರ್ಷದ ಪರೀಕ್ಷೆಯಲ್ಲಿ ಆ ಲೆಕ್ಕ ಬರಲಿಲ್ಲ ನೋಡಿ, ಅವನಿಗೆ ಅದೇ ದೊಡ್ಡ ಸಾಕ್ಷಿಯಾಯಿತು. "ಮೈಸೂರ್ನೋರು ಕೇಳ್ದೆ ಇರೋದು ಎಂಥಾ ಲೆಕ್ಕ ಕಣ್ಲಾ? ಸಾಬ್ರ ಮಾನ ಮುಚ್ಚಾಕೆ ನಿಮ್ ಮೇಷ್ಟ್ರು ಕಟ್ಟಿರೋ ಕತೆ, ಬುಡ್ಲಾ!" ಎಂದನಂತೆ. ಬೇರೆ ಪ್ರಶ್ನೆಗಳ ಬಲದಿಂದ ಪುಟ್ಟರಾಜು ಪಾಸಾದ. ಅಲ್ಲಿಂದೀಚೆಗೂ ಆ ಲೆಕ್ಕ ಕೇಳಿಲ್ಲ.

ಆದರೂ ಸಾಬರು ವರ್ಷ ವರ್ಷವೂ ಕೊಳವೆಗಳನ್ನು ಮಾಡುವುದನ್ನು ನಿಲ್ಲಿಸಿಲ್ಲ. ಬಿಚ್ಚಿ ಮಡಿಸಿ, ಬಿಚ್ಚಿ ಮಡಿಸಿ ತಗಡು ಅಂಚಿನಲ್ಲಿ ಮುರಿದುಹೋಗುತ್ತದೆ, ಹೊಸದು ಬೇಕೇ ಬೇಕು. ಅವತ್ತು ನನ್ನದಲ್ಲ ಎಂದು ಹೇಳಿಬಿಡಬಹುದಿತ್ತಲ್ಲ ಎಂದು ಕೇಳಿದರೆ ಸಾಬರಿಗೆ ರೇಗುತ್ತದೆ. "ಕೈಯಾರೆ ಮಾಡಿದ್ದ ನಂದಲ್ಲ ಅನ್ನಾಕಾಯ್ತದಾ? ಆ ಮಡ್ಕೆ ಕೂರ್ಸಾಕೆ ನಾನು ಪಟ್ಟ ಪಾಡು ನಂಗೊತ್ತು."

ಒಳಗಿನಿಂದ ಬಿಬಿ ಜಾನ್ ನಗುವ ಸದ್ದು ಕೇಳುತ್ತದೆ. "ಕೇಳಿ ಅವ್ರ, ನಮಾಜಲ್ಲಿ ಏನ್ ಬೇಡ್ಕತಾರೆ ಅಂತ!"

ಸಾಬರು ತಲೆ ತಗ್ಗಿಸಿ, ಕತ್ತರಿಯ ಅಂಚನ್ನು ಹೆಬ್ಬೆರಳಿನಿಂದ ಸವರುತ್ತಾರೆ. ಮುಂದಿನ ತಿಂಗಳು ಪರೀಕ್ಷೆ. ಈ ವರ್ಷದವರು ನಿನ್ನೆಯಷ್ಟೇ ಜಗುಲಿಯ ಮೇಲೆ ರಾಶಿ ಬಿಚ್ಚಿ ಕಲಿತಿದ್ದಾರೆ.

"ಬೋರಣ್ಣ ವಾಪಸ್ ಬರ್ದಿದ್ರೂ ಚಿಂತಿಲ್ಲ ಸ್ವಾಮಿ. ಅಲ್ಲಾನ ದಯದಿಂದ ಈ ಸಲ ಆ ಲೆಕ್ಕ ಒಂದು ಪರೀಕ್ಸೆಲಿ ಕೇಳ್ಬುಡ್ಲಿ. ಜಲಾಲನ ಕೈ ಸೋತು ಬಿಚ್ಕಳ್ಲಿಲ್ಲ, ಜಲಾಲ ಬಿಚ್ಕಳ್ಳಂಗೆ ಮಾಡಿದ್ದ ಅಂತ ಮೈಸೂರ್ನೋರೇ ಏಳ್ದಂಗಾಯ್ತದೆ."