ದೇವದುರ್ಗದಲ್ಲಿ ‘ಊಟ ಆತೇನ್ರಿ?’ ಅಂದರೆ

ಎಂಬತ್ತರ ದಶಕದ ಮೊದಲಲ್ಲಿ ನಾನು ದೇವದುರ್ಗದ ಕಚೇರಿಯೊಂದರಲ್ಲಿ ಗುಮಾಸ್ತನಾಗಿದ್ದೆ. ಮೈಸೂರಿನಿಂದ ತಪಾಸಣೆಗೆ ಬಂದ ಸಾಹೇಬರು ಎರಡೇ ದಿನದಲ್ಲಿ ನಮ್ಮೂರನ್ನೂ ತಪಾಸಣೆ ಮಾಡಿ ಮುಗಿಸಿದರು: “ಇಲ್ಲಿ ಒಳ್ಳೆ ಊಟವೂ ಇಲ್ಲ, ನೆಮ್ಮದಿಯಾಗಿ ಕೂರೋ ಜಾಗವೂ ಇಲ್ಲ ಕಣ್ರೀ.”

ಪಾಪ, ಬಸ್‌ಸ್ಟ್ಯಾಂಡ್ ಹೋಟೆಲಿನ ತಣ್ಣನೆಯ ಅನ್ನ ತಿಂದು ಮಾತಾಡುತ್ತಿದ್ದರು. ದಾರಿಯಲ್ಲಿ ಸಿಕ್ಕವರೆಲ್ಲ “ಊಟ ಆತೇನ್ರಿ?” ಎಂದು ಕೇಳುತ್ತಿದ್ದರು. ಇವರು ಮಹಾ ಸಭ್ಯಸ್ಥರು, ಹಸಿದ ಹೊಟ್ಟೆಯಲ್ಲೇ “ಆಯ್ತು” ಎನ್ನುತ್ತಿದ್ದರು.

“ನಾಳಿಂದ ‘ಇಲ್ರಿ’ ಅನ್ರಿ, ಸಾಹೇಬ್ರ,” ಎಂದೆ.

ಮರುದಿನ ಹಾಗೆಯೇ ಅಂದರು. ಅಕ್ಕಿ ಗಿರಣಿಯವರು ಕೈಹಿಡಿದು ಮನೆಗೆ ಎಳೆದೊಯ್ದು ಬಿಸಿ ಜೋಳದ ರೊಟ್ಟಿ, ಎಣ್ಣೆ ಬದನೆಕಾಯಿ, ಶೇಂಗಾ ಹಿಂಡಿ ಎಂಬ ಚಟ್ನಿಪುಡಿ ಬಡಿಸಿದರು. ಸಾಕೆಂದರೆ, “ಯಾಕ್ರಿ, ನಮ್ ಮನಿ ರೊಟ್ಟಿ ಸೇರಲಿಲ್ಲೇನು?” ಎಂದು ಇನ್ನೊಂದು ಹಾಕಿದರು. ಅಲ್ಲಿಂದ ತಪ್ಪಿಸಿಕೊಂಡರೆ, “ನಮ್ಮನಿಗೆ ಬರಂಗಿಲ್ಲೇನ್ರಿ?” ಎಂದು ಪಕ್ಕದ ಮನೆಯವರು ಬಾಗಿಲಲ್ಲೇ ನಿಂತಿದ್ದರು.

ಸಂಜೆ ಸಾಹೇಬರು ಹೊಟ್ಟೆ ಹಿಡಿದುಕೊಂಡು ಕಚೇರಿಗೆ ಬಂದರು. “ಊಟವೇನೋ ಸಿಕ್ತು. ನೆಮ್ಮದಿಯ ಜಾಗ ಎಲ್ರೀ?”

“ಅದಕ್ಕ ಮತ್ತ ‘ಆತು’ ಅನ್ರಿ,” ಎಂದೆ. “ಬಸ್‌ಸ್ಟ್ಯಾಂಡ್ ಹೋಟೆಲ್‌ನ್ಯಾಗ ನಿಮ್ಮನ್ನ ಯಾರೂ ಮಾತಾಡ್ಸಂಗಿಲ್ಲ.”