ನೀರಿಗೆ ಮೈ ಜಾಡಿಸದ ಮರಿ

ಮೊಮ್ಮಗಳು ವೇದಿಕೆ ಮೇಲೆ ನಿಂತು ಪದ್ಯ ಓದಿದಳು. ಜನ ಚಪ್ಪಾಳೆ ಹೊಡೆದರು. ನನಗೆ ಮಾತ್ರ ಬೆವರು ಬಂತು.

ಲಿಂಗಸುಗೂರಿನ ಶಾಲೆಯೊಂದರಲ್ಲಿ ಮಕ್ಕಳ ಕವನ ಸ್ಪರ್ಧೆ. ನಮ್ಮ ಸ್ವಾತಿ (ಓದುವುದು ಏಳನೇ ಕ್ಲಾಸು, ಬಾಯಿ ಕಾಲೇಜಿನದು) ಮನೆಯ ಟಗರು ಮರಿಯ ಮೇಲೆ ಬರೆದಿದ್ದಳು. ದಿನಾ ಬೆಳಿಗ್ಗೆ ಅದರ ಬೆನ್ನಿಗೆ ತಣ್ಣೀರು ಹೊಯ್ಯುತ್ತಾಳೆ. ಮೊದಮೊದಲು ನಡುಗುತ್ತಿತ್ತು, ಈಗ ಸುಮ್ಮನೆ ನಿಂತು ಅವಳ ಮುಖ ನೋಡುತ್ತದೆ. ಪದ್ಯದಲ್ಲಿ ಇರುವುದು ಇಷ್ಟೇ. ನೀರು ಹಾಕುವುದನ್ನು ನಾನೂ ನೋಡಿದ್ದೆ, ಆಟ ಅಂದುಕೊಂಡಿದ್ದೆ.

ಅವಳ ಶಾಲೆಯ ಮೇಡಂ ನನ್ನ ಹತ್ತಿರ ಓಡಿ ಬಂದರು.

"ಅಮ್ಮಾರ, ಎಂಥಾ ಮುಗ್ಧ ಪದ್ಯ ನೋಡ್ರಿ! ಕಾವ್ಯದಾಗ ಮಗು, ಕುರಿಮರಿ ಅಂದ್ರ ಕಪಟ ತಿಳೀದ ಮನಸ್ಸಿನ ಗುರುತು. ಎಲ್ಲಾ ಕಂಡುಂಡ ಮನಸ್ಸಿಗೆ ಕವಿಗಳು ನಿಮ್ಮಂಥ ಹಿರೇರನ್ನ ತರ್ತಾರ."

"ಹಂಗಾದ್ರ ಈಕಿ ನನ್ನ ಯಾಕ ತಂದಿಲ್ಲ ಪದ್ಯದಾಗ?"

ಮೇಡಂ ನಕ್ಕರು. ನನಗೆ ನಗು ಬರಲಿಲ್ಲ.

ಯಾಕೆಂದರೆ ಆ ಮರಿ ಊರ ದೇವಿ ದುರುಗಮ್ಮನಿಗೆ ಹರಕೆ ಬಿಟ್ಟದ್ದು. ಹೋದ ವರ್ಷ ಸ್ವಾತಿ ಜ್ವರ ಏರಿ ಸಿಂಧನೂರಿನ ದವಾಖಾನೆಯಲ್ಲಿ ಕಣ್ಣು ಬಿಡದೆ ಮಲಗಿದ್ದಾಗ ನಾನೇ ಬೇಡಿಕೊಂಡಿದ್ದೆ. ನಮ್ಮ ಕಡೆಯ ಪದ್ಧತಿ ಗೊತ್ತಲ್ಲ? ಗುಡಿ ಮುಂದೆ ಮರಿಯ ಮೇಲೆ ನೀರು ಹಾಕುತ್ತೇವೆ. ಅದು ಮೈ ಜಾಡಿಸಿದರೆ ದೇವಿ ಒಪ್ಪಿದಳು, ಆಮೇಲೆ ಕತ್ತಿ. ಜಾಡಿಸದಿದ್ದರೆ? ಒಪ್ಪಿಲ್ಲ. ಕಡಿಯುವ ಹಾಗಿಲ್ಲ.

ನಮ್ಮೂರು ಗುರುಗುಂಟಾಕ್ಕೆ ವಾಪಸ್ ಬರುವಾಗ ಬಸ್ಸಿನಲ್ಲಿ ಕೇಳಿಯೇ ಬಿಟ್ಟೆ.

"ಏ ಸ್ವಾತಿ, ಮರಿಗೆ ಯಾಕ ನೀರು ಹಾಕಾಕತ್ತಿ?"

"ಸೆಕಿ ಅಲ್ಲೇನಜ್ಜಿ."

"ಸುಳ್ಳು ಹೇಳಬ್ಯಾಡ ಬೇ. ಥಂಡ್ಯಾಗೂ ಹಾಕಿದಿ."

ಕಿಟಕಿ ಕಡೆ ತಿರುಗಿದಳು. ಹೊರಗೆ ನೋಡುತ್ತಲೇ ಹೇಳಿದಳು. "ರೂಢಿ ಆಗ್ಲಿ ಅಂತ. ಗುಡಿ ಮುಂದ ಜಾಡಿಸಬಾರದು ಅಂತ. ಅಪ್ಪಗ ಹೇಳ್ತಿಯೇನು?"

"ನಿನ್ನ ಜೀವಕ್ಕ ಬೇಡಿಕೊಂಡಿದ್ದು ಅದು."

"ನಾ ಆರಾಮ ಅದೀನಲ್ಲ! ಅದೇನು ಮಾಡ್ಯಾದ, ಪಾಪ?"

ಮುಗ್ಧ ಅಂತೆ! ತಿಂಗಳುಗಟ್ಟಲೆ ಮರಿಗೆ ಟ್ರೇನಿಂಗ್ ಕೊಟ್ಟು, ಅದನ್ನೇ ಪದ್ಯ ಮಾಡಿ, ಎಲ್ಲರ ಮುಂದೆ ಓದಿ ಚಪ್ಪಾಳೆ ಬೇರೆ ಹೊಡೆಸಿಕೊಂಡವಳು. ಚಿಕ್ಕವರಿಗೆ ಏನೂ ತಿಳಿಯದು, ಮುದುಕರಿಗೆ ಎಲ್ಲಾ ತಿಳಿದಿದೆ ಎಂದು ಯಾರು ಹೇಳಿದರೋ. ವಯಸ್ಸಾದರೆ ತಿಳಿವಳಿಕೆ ಬರುತ್ತದೆ ಅನ್ನುವವರು ನನ್ನನ್ನು ಬಂದು ನೋಡಲಿ. ನನಗೆ ಬಂದಿರುವುದು ಭಯ. ಅವಳು ಒಮ್ಮೆ ಕೆಮ್ಮಿದರೆ ಸಾಕು, ಹಣೆ ಮುಟ್ಟಿ ನೋಡುತ್ತೇನೆ. ಹರಕೆ ತಪ್ಪಿದರೆ ಏನಾದೀತು? ಏನೂ ಆಗುವುದಿಲ್ಲ ಅನ್ನುತ್ತೀರಿ. ಮತ್ತೆ ಜ್ವರ ಬಂದರೆ ದವಾಖಾನೆಯ ಕಾಟಿನ ಪಕ್ಕ ನೀವು ಬಂದು ಕೂರುತ್ತೀರಾ?

ಮಗನಿಗೆ ಇನ್ನೂ ಹೇಳಿಲ್ಲ. ಬರುವ ಮಂಗಳವಾರ ಗುಡಿಗೆ ಹೋಗುವುದು. ಮನೆಯ ಹಿರಿಯಳೆಂದು ನೀರಿನ ಚೊಂಬನ್ನು ನನ್ನ ಕೈಗೇ ಕೊಡುತ್ತಾರೆ. ಬೆನ್ನಿಗೆ ಎಷ್ಟೇ ರೂಢಿಯಾಗಿರಲಿ, ಕಿವಿಯೊಳಗೆ ಎರಡು ಹನಿ ಬಿದ್ದರೆ ಯಾವ ಮರಿಯಾದರೂ ತಲೆ ಒದರಿ ಮೈ ಜಾಡಿಸುತ್ತದೆ. ಇದು ಸ್ವಾತಿಗೆ ಗೊತ್ತಿಲ್ಲ.

ನನಗೆ ಗೊತ್ತಿದೆ, ಏನು ಮಾಡಲಿ?